ದುಬೈನಿಂದ ಬರುವುದು ಒಂದೇ ಬಾಟಲಿ: ಲಾ ವಿ ಎ ಬೆಲ್ ತರಿಸಲೇ, ಫ್ಲವರ್‌ಬಾಂಬ್ ತರಿಸಲೇ?

ಪ್ರಶ್ನೆ: ನನಗೆ 38 ವರ್ಷ, ದಾವಣಗೆರೆಯಲ್ಲಿ ಬ್ಯಾಂಕ್ ಕೆಲಸ. ತಮ್ಮ ಮುಂದಿನ ತಿಂಗಳು ದುಬೈನಿಂದ ಬರುತ್ತಿದ್ದಾನೆ. "ಅಕ್ಕಾ, ನಿಂಗೊಂದು ಒಳ್ಳೆ ಸೆಂಟ್ ತರ್ತೀನಿ, ಯಾವ್ದು ಬೇಕು ಹೇಳು" ಅಂದಿದ್ದಾನೆ. ಹೋದ ವಾರ ಬೆಂಗಳೂರಿನ ಮಾಲ್‌ನಲ್ಲಿ ಎರಡು ಇಷ್ಟವಾದವು. ಒಂದು ಲಾಂಕೋಮ್‌ನ ಲಾ ವಿ ಎ ಬೆಲ್, ಇನ್ನೊಂದು ವಿಕ್ಟರ್ ಆಂಡ್ ರಾಲ್ಫ್‌ನ ಫ್ಲವರ್‌ಬಾಂಬ್. ಕಾಗದದ ಪಟ್ಟಿ ಮೇಲೆ ಮೂಸಿದೆ. ಎರಡೂ ಸಿಹಿ, ಎರಡೂ ಹೂವು. ಐದು ನಿಮಿಷ ಆದಮೇಲೆ ಯಾವುದು ಯಾವುದು ಅಂತಲೇ ಗೊತ್ತಾಗಲಿಲ್ಲ. ದಿನಾ ಆಫೀಸಿಗೂ ಆಗಬೇಕು, ಡಿಸೆಂಬರ್‌ನಲ್ಲಿ ಅಕ್ಕನ ಮಗಳ ಮದುವೆಗೂ ಆಗಬೇಕು. ನನಗೆ ಮಲ್ಲಿಗೆ ಅಂದ್ರೆ ಪ್ರಾಣ. ಆದರೆ ಪಕ್ಕದ ಕೌಂಟರಿನವರಿಗೆ ಜೋರು ವಾಸನೆ ಬಂದರೆ ತಲೆನೋವು. ಯಾವುದು ತರಿಸಲಿ?

ಉತ್ತರ: ಫ್ಲವರ್‌ಬಾಂಬ್ ತರಿಸಿ. 50 ಎಂಎಲ್ ಸಾಕು.

ಇಷ್ಟು ಹೇಳಿ ಸುಮ್ಮನಾಗಬಹುದಿತ್ತು. ಆದರೆ ಕಾರಣ ಗೊತ್ತಿಲ್ಲದಿದ್ದರೆ ನಾಳೆ ಯಾರೋ ಗೆಳತಿ "ಅಯ್ಯೋ, ಇನ್ನೊಂದು ತರಿಸಬೇಕಿತ್ತು ಕಣೇ" ಅಂದಾಗ ಮನಸ್ಸು ಅಲ್ಲಾಡುತ್ತದೆ. ಅದೂ ಅಲ್ಲದೆ ಲಾ ವಿ ಎ ಬೆಲ್ ಕೆಟ್ಟದ್ದೇನಲ್ಲ. ನಿಮ್ಮ ಕಾಗದದಲ್ಲಿ ಮೂರು ಸಾಲು ಬೇರೆ ಇದ್ದಿದ್ದರೆ ಅದನ್ನೇ ತರಿಸಿ ಅನ್ನುತ್ತಿದ್ದೆ.

ನಾನು ಮೈಸೂರಿನ ಒಂದು ಊದುಬತ್ತಿ ಕಂಪನಿಯಲ್ಲಿ ಪರಿಮಳ ಬೆರೆಸುವ ಕೋಣೆಯಲ್ಲಿ 22 ವರ್ಷ ಕೆಲಸ ಮಾಡಿದವಳು. ಆ ಮೂಗಿಗೂ ಇವೆರಡು ಮೊದಲ ಸಲ ಗೊಂದಲ ಮಾಡಿದ್ದವು. ನಿಮಗೆ ಗೊತ್ತಾಗದೆ ಇದ್ದದ್ದಕ್ಕೆ ಬೇಜಾರು ಬೇಡ. ಎರಡೂ ಹೆಚ್ಚುಕಮ್ಮಿ ಒಂದೇ ಅಡುಗೆಮನೆಯಿಂದ ಬಂದವು.

ಹೇಗೆ ಅಂತೀರಾ? ಬಾಟಲಿ ಮೇಲೆ ಹೆಸರಿರುವ ಬಹುಪಾಲು ಕಂಪನಿಗಳು ಪರಿಮಳವನ್ನು ತಾವೇ ತಯಾರಿಸುವುದಿಲ್ಲ. "ನಮಗೆ ಇಂಥದ್ದು ಬೇಕು" ಅಂತ ಹೇಳಿ ಮಾಡಿಸಿಕೊಳ್ಳುತ್ತವೆ. ಮಾಡಿಕೊಡುವವರು ಐಎಫ್‌ಎಫ್, ಜಿವೊಡಾನ್ ತರಹದ ನಾಲ್ಕಾರು ದೊಡ್ಡ ಸಂಸ್ಥೆಗಳು. ಫ್ಲವರ್‌ಬಾಂಬ್ ಬಂದದ್ದು 2005ರಲ್ಲಿ. ವಿಕ್ಟರ್ ಹಾರ್ಸ್ಟಿಂಗ್ ಮತ್ತು ರಾಲ್ಫ್ ಸ್ನೂರೆನ್ ಅನ್ನುವ ಇಬ್ಬರು ಡಚ್ ಬಟ್ಟೆ ವಿನ್ಯಾಸಕರ ಮೊದಲ ದೊಡ್ಡ ಸೆಂಟ್ ಅದು. ಲಾ ವಿ ಎ ಬೆಲ್ ಬಂದದ್ದು 2012ರಲ್ಲಿ, ಪ್ಯಾರಿಸ್‌ನ ಲಾಂಕೋಮ್‌ನಿಂದ. ಎರಡನ್ನೂ ಬೆರೆಸಿದವರು ಐಎಫ್‌ಎಫ್‌ನ ಜನ. ಎರಡೂ ತಂಡದಲ್ಲಿ ಒಲಿವಿಯೆ ಪೋಲ್ಜ್ ಅನ್ನುವವರ ಹೆಸರು ಇದೆ. ಆಮೇಲೆ ಅವರು ಶನೆಲ್ ಕಂಪನಿಗೆ ಹೋಗಿ, ಅಲ್ಲಿ ಪರಿಮಳ ಬೆರೆಸುತ್ತಿದ್ದ ತಂದೆಯ ಜಾಗದಲ್ಲಿ ಕೂತರು. ಇನ್ನೂ ಒಂದು ನಂಟಿದೆ. ಎರಡು ಬಾಟಲಿಗಳನ್ನೂ ಮಾರುವುದು ಲೋರಿಯಾಲ್ ಗುಂಪೇ. ಬೇರೆ ಬೇರೆ ಸೀರೆ ಉಟ್ಟ ಅಕ್ಕತಂಗಿಯರು ಅಂದುಕೊಳ್ಳಿ.

ಈಗ ಆ ಸಿಹಿಯ ವಿಷಯ. ಜಾತ್ರೆಯಲ್ಲಿ ಗುಲಾಬಿ ಬಣ್ಣದ ಬೊಂಬಾಯಿ ಮಿಠಾಯಿ ತಿರುಗಿಸುವಾಗ ಸಕ್ಕರೆ ಕಾದ ಘಮ ಬರುತ್ತದಲ್ಲ, ಅದಕ್ಕೆ ತುಂಬ ಹತ್ತಿರದ ವಾಸನೆಯ ಒಂದು ಬಿಳಿ ಹರಳಿನ ಪುಡಿ ಇದೆ. ಹೆಸರು ಈಥೈಲ್ ಮಾಲ್ಟಾಲ್. ಬೇಕರಿ, ಚಾಕ್ಲೇಟ್ ಕೆಲಸದವರಿಗೆ ಹಳೆಯ ಪರಿಚಯ. 1992ರಲ್ಲಿ ಬಂದ ಮ್ಯೂಗ್ಲರ್‌ನ ಏಂಜೆಲ್ ಅನ್ನುವ ಸೆಂಟ್ ಇದನ್ನು ಜೋರಾಗಿ ಹಾಕಿ, ಜೊತೆಗೆ ಮಣ್ಣಿನ ವಾಸನೆಯ ಪಚೋಲಿ ಎಣ್ಣೆ ಬೆರೆಸಿತು. ಅಲ್ಲಿಯವರೆಗೆ ಹೆಂಗಸರ ಸೆಂಟ್ ಅಂದರೆ ಹೂವು, ಪೌಡರ್, ಕಸ್ತೂರಿ. ಅಲ್ಲಿಂದಾಚೆ ತಿನ್ನುವ ವಾಸನೆಯೂ ಸೇರಿತು. ನೀವು ಮೂಸಿದ ಎರಡೂ ಆ ಏಂಜೆಲ್‌ನ ವಂಶದವೇ. ಸಕ್ಕರೆ, ವೆನಿಲಾ, ಪಚೋಲಿ ಎರಡರ ತಳದಲ್ಲೂ ಇವೆ. ನಡುವೆ ಏನು ಇಟ್ಟಿದ್ದಾರೆ, ಸಕ್ಕರೆ ಎಷ್ಟು ಸುರಿದಿದ್ದಾರೆ ಅನ್ನುವುದರಲ್ಲಿ ವ್ಯತ್ಯಾಸ.

ಪಚೋಲಿ ಅಂದರೆ ಏನೋ ವಿದೇಶದ್ದು ಅನ್ನಿಸಬಹುದು. ಆ ಹೆಸರು ತಮಿಳಿನ "ಪಚ್ಚೈ ಇಲೈ"ಯಿಂದ ಬಂತು ಅನ್ನುತ್ತಾರೆ, ಅಂದರೆ ನಮ್ಮ ಪಚ್ಚೆ ಎಲೆ. ತುಳಸಿ ಕುಟುಂಬದ ಗಿಡ. 19ನೇ ಶತಮಾನದಲ್ಲಿ ಕಾಶ್ಮೀರದ ಶಾಲುಗಳನ್ನು ಯುರೋಪಿಗೆ ಕಳಿಸುವಾಗ ಹುಳ ಹಿಡಿಯದ ಹಾಗೆ ಮಡಿಕೆಗಳ ನಡುವೆ ಇದರ ಒಣ ಎಲೆ ಇಡುತ್ತಿದ್ದರು. ಅಲ್ಲಿನ ಹೆಂಗಸರಿಗೆ ಶಾಲಿನ ಜೊತೆ ಆ ವಾಸನೆಯೂ ಹಿಡಿಸಿಬಿಟ್ಟಿತು. ಹಳೆಯ ಮರದ ಪೆಟ್ಟಿಗೆ ತೆರೆದ ಹಾಗೆ, ಮಳೆ ಬಿದ್ದ ಮಣ್ಣಿನ ಹಾಗೆ ಇರುತ್ತದೆ. ಸಿಹಿಯ ಕೆಳಗೆ ಇದು ಇಲ್ಲದಿದ್ದರೆ ಎರಡು ಸೆಂಟೂ ಬರೀ ಮಿಠಾಯಿ ಅಂಗಡಿ ಆಗುತ್ತಿದ್ದವು.

ಲಾ ವಿ ಎ ಬೆಲ್‌ನಲ್ಲಿ ಮೊದಲು ಬರುವುದು ಪೇರ್ ಹಣ್ಣು ಮತ್ತು ಬ್ಲಾಕ್‌ಕರಂಟ್. ಹತ್ತು ನಿಮಿಷದಲ್ಲಿ ಅದು ಹೋಗುತ್ತದೆ. ಆಮೇಲೆ ಐರಿಸ್. ಇಲ್ಲಿ ಸ್ವಲ್ಪ ನಿಲ್ಲಬೇಕು, ಯಾಕೆಂದರೆ ಈ ಸೆಂಟಿನ ಮರ್ಯಾದೆ ಉಳಿಸಿರುವುದೇ ಐರಿಸ್. ಹೆಸರು ಹೂವಿನದ್ದಾದರೂ ಪರಿಮಳ ಬರುವುದು ಗಡ್ಡೆಯಿಂದ. ನಮ್ಮ ಬಜೆ ಬೇರಿನ ಹಾಗೆ ನೆಲದ ಕೆಳಗಿನ ಸಾಮಾನು. ಇಟಲಿಯ ಫ್ಲಾರೆನ್ಸ್ ಸುತ್ತ ಇದನ್ನು ಹಿಂದಿನಿಂದ ಬೆಳೆಯುತ್ತಾರೆ. ಕಿತ್ತು, ಸಿಪ್ಪೆ ತೆಗೆದು, ಒಣಗಿಸಿ ಸುಮಾರು ಮೂರು ವರ್ಷ ಇಡಬೇಕು. ಹಸಿ ಗಡ್ಡೆಗೆ ಹೇಳಿಕೊಳ್ಳುವಂಥ ಪರಿಮಳ ಇಲ್ಲ. ಇಟ್ಟು ಇಟ್ಟು ಬರಬೇಕು, ಹಳೆ ಅಕ್ಕಿಯ ಅನ್ನದ ರುಚಿಯ ಹಾಗೆ. ಅದಕ್ಕೇ ಸುಗಂಧದ ವ್ಯಾಪಾರದಲ್ಲಿ ಅತಿ ದುಬಾರಿ ಸಾಮಾನುಗಳಲ್ಲಿ ಇದೂ ಒಂದು. ಅದರ ವಾಸನೆ ಲಿಪ್‌ಸ್ಟಿಕ್, ಮುಖದ ಪೌಡರ್ ನೆನಪಿಸುತ್ತದೆ. ತಣ್ಣಗೆ, ಒಣಒಣವಾಗಿ ಇರುತ್ತದೆ.

ಆ ತಣ್ಣನೆಯ ಪೌಡರ್ ಮೇಲೆ ಲಾಂಕೋಮ್‌ನವರು ಪ್ರಲೀನ್ ಸುರಿದಿದ್ದಾರೆ. ಪ್ರಲೀನ್ ಅಂದರೆ ಸಕ್ಕರೆ ಪಾಕದಲ್ಲಿ ಹುರಿದ ಬಾದಾಮಿ ಜಾತಿಯ ಬೀಜ. ನಮ್ಮ ಚಿಕ್ಕಿಯ ಶ್ರೀಮಂತ ಬಂಧು ಅನ್ನಿ. ಜೊತೆಗೆ ವೆನಿಲಾ, ಮತ್ತೆ ಅದರ ಹಾಗೇ ಸಿಹಿ ಘಮದ ಟೊಂಕಾ ಬೀಜ. ಮಲ್ಲಿಗೆ, ಕಿತ್ತಳೆ ಹೂವು ಪಟ್ಟಿಯಲ್ಲಿವೆ, ಆದರೆ ನನ್ನ ಮೂಗಿಗೆ ಅವು ಹಿಂದಿನ ಸಾಲಿನಲ್ಲಿ ಕೂತಿವೆ. ಮೂರನೇ ಗಂಟೆಗೆ ಮೈಮೇಲೆ ಉಳಿಯುವುದು ಚಿಕ್ಕಿ, ಪೌಡರ್, ಪಚ್ಚೆ ಎಲೆ. ಮತ್ತೆ ಅದು ಜೋರು. ಹಾಕಿಕೊಂಡವರು ಹೋದ ಮೇಲೂ ಲಿಫ್ಟ್‌ನಲ್ಲಿ ಉಳಿಯುವ ಜಾತಿ.

ಇದರ ಜೋರು ನನಗೆ ಪಾಠ ಕಲಿಸಿದೆ. ಒಂದು ಏಪ್ರಿಲ್‌ನಲ್ಲಿ ಮೈಸೂರಿಂದ ಬೆಂಗಳೂರಿಗೆ ಎಸಿ ಇಲ್ಲದ ಬಸ್ಸು ಹತ್ತಿದ್ದೆ. ಹೊರಡುವ ಮೊದಲು ಧಾರಾಳವಾಗಿ ಮೂರು ಸಲ ಹೊಡೆದುಕೊಂಡಿದ್ದೆ. ಮಂಡ್ಯ ದಾಟುವಷ್ಟರಲ್ಲಿ ಪಕ್ಕದ ಹೆಂಗಸು ಕಿಟಕಿ ಪೂರ್ತಿ ತೆಗೆದರು. ಮದ್ದೂರಿನಲ್ಲಿ ತಡೆಯಲಾರದೆ ಕೇಳಿಯೇಬಿಟ್ಟರು, "ಏನ್ ಮೇಡಂ, ಸ್ವೀಟ್ ಬಾಕ್ಸ್ ತಗೊಂಡೋಯ್ತಾ ಇದೀರಾ?" ನಾಚಿಕೆಯಾಯಿತು. ಆದರೆ ಅವರ ಮೂಗು ಎಷ್ಟು ಸರಿಯಾಗಿತ್ತು ಅಂತ ಒಳಗೊಳಗೇ ಮೆಚ್ಚಿಕೊಂಡೆ ಕೂಡ.

ಬಿಸಿಲಿಗೆ ಸೆಂಟ್ ಬೇಗ ಆವಿಯಾಗುತ್ತದೆ. ಮೈ ಬಿಸಿಯಾದಷ್ಟೂ ಒಂದೇ ಸಲಕ್ಕೆ ಜಾಸ್ತಿ ಏಳುತ್ತದೆ. ಪ್ಯಾರಿಸ್‌ನ ಚಳಿಯಲ್ಲಿ ಕೋಟಿನ ಕಾಲರಿನಿಂದ ಮೆಲ್ಲಗೆ ಬರುವ ಪ್ರಲೀನ್, ನಮ್ಮ ಏಪ್ರಿಲ್‌ನಲ್ಲಿ ಬಾಣಲೆಯಿಂದ ಎದ್ದ ಹಾಗೆ ಏಳುತ್ತದೆ. ದಾವಣಗೆರೆಯ ಬೇಸಿಗೆ ಹೇಗಿರುತ್ತದೆ ಅಂತ ನಿಮಗೆ ನಾನು ಹೇಳಬೇಕಿಲ್ಲ. ಅದರಲ್ಲಿ ಆಟೋ ಹಿಡಿದು ಬ್ಯಾಂಕಿಗೆ ಹೋಗಿ, ಬಾಗಿಲು ಮುಚ್ಚಿದ ಎಸಿ ಹಾಲ್‌ನಲ್ಲಿ ಕೂರುತ್ತೀರಿ. ಅಲ್ಲಿ ಗಾಳಿ ಹೊರಗೆ ಹೋಗುವುದಿಲ್ಲ, ಅಲ್ಲಲ್ಲೇ ಸುತ್ತುತ್ತದೆ. ಪಕ್ಕದ ಕೌಂಟರಿನವರ ತಲೆ ನೆನೆದೇ ನಾನು ಲಾ ವಿ ಎ ಬೆಲ್ ಬೇಡ ಅಂದದ್ದು.

ಹಾಗಂತ ಫ್ಲವರ್‌ಬಾಂಬ್ ಸಾಧು ಅಂದುಕೊಳ್ಳಬೇಡಿ. ಹೆಸರಿನಲ್ಲೇ ಬಾಂಬ್ ಇದೆ, ಬಾಟಲಿಯೂ ಕೈಬಾಂಬಿನ ಆಕಾರದ್ದೇ. ಆದರೆ ಇದರ ಶುರುವಿನಲ್ಲಿ ಬರ್ಗಮಾಟ್ ಅನ್ನುವ ನಿಂಬೆ ಜಾತಿಯ ಹಣ್ಣು ಮತ್ತು ಚಹಾ ಎಲೆಯ ಘಮ ಇದೆ. ಹಾಲು ಹಾಕದ ಚಹಾದ ಹಬೆ ಮೂಗಿಗೆ ತಾಗಿದ ಹಾಗೆ, ಒಂದು ಚೂರು ಒಗರು. ಆ ಒಗರು ಸಿಹಿಗೆ ಕಡಿವಾಣ ಹಾಕುತ್ತದೆ. ಆಮೇಲೆ ಹೂವುಗಳು: ಮಲ್ಲಿಗೆ, ಕಿತ್ತಳೆ ಹೂವು, ಗುಲಾಬಿ, ಫ್ರೀಸಿಯಾ, ಆರ್ಕಿಡ್. ಇದರಲ್ಲಿ ಕೊನೆಯ ಎರಡು ಹೂವಿನಿಂದ ಎಣ್ಣೆ ತೆಗೆಯುವ ವ್ಯಾಪಾರವೇ ಇಲ್ಲ. ಅವು ಲ್ಯಾಬಿನಲ್ಲಿ ಕಟ್ಟಿದ ಪರಿಮಳ. ಕಿತ್ತಳೆ ಹೂವು ಹೇಗಿರುತ್ತದೆ ಅಂತ ಗೊತ್ತಿಲ್ಲದಿದ್ದರೆ ಹಿತ್ತಲಿನ ನಿಂಬೆ ಗಿಡ ಹೂ ಬಿಟ್ಟಾಗ ಹತ್ತಿರ ಹೋಗಿ ನೋಡಿ, ಅದೇ ಕುಲ. ತಳದಲ್ಲಿ ವೆನಿಲಾ, ಕಸ್ತೂರಿ ಜಾತಿಯ ಮೆತ್ತನೆ ಘಮ, ಮತ್ತೆ ಅದೇ ಪಚ್ಚೆ ಎಲೆ. ಮೂರನೇ ಗಂಟೆಗೂ ಹೂವು ಪೂರ್ತಿ ಹೋಗಿರುವುದಿಲ್ಲ. ನಿಮ್ಮಂಥ ಹೂವಿನ ಹುಚ್ಚಿನವರಿಗೆ ಇದೇ ಮುಖ್ಯ.

ಮಲ್ಲಿಗೆ ಪ್ರಾಣ ಅಂದಿರಿ. ಅದಕ್ಕೇ ಒಂದು ಮಾತು ಮುಚ್ಚುಮರೆ ಇಲ್ಲದೆ ಹೇಳಬೇಕು. ಎರಡರಲ್ಲೂ ನಿಮ್ಮ ಮಲ್ಲಿಗೆ ಇಲ್ಲ.

ಎರಡರ ವಿವರದಲ್ಲೂ "ಸಂಬಾಕ್ ಜಾಸ್ಮಿನ್" ಅಂತ ಬರೆದಿರುತ್ತಾರೆ. ಸಂಬಾಕ್ ಅಂದರೆ ನಮ್ಮ ದುಂಡು ಮಲ್ಲಿಗೆಯ ಜಾತಿಯೇ. ಉಡುಪಿ ಮಲ್ಲಿಗೆಯೂ ಅದೇ ಬಳಗ. ಪ್ರಪಂಚದ ದೊಡ್ಡ ದೊಡ್ಡ ಸೆಂಟ್ ಕಂಪನಿಗಳಿಗೆ ಹೋಗುವ ಸಂಬಾಕ್ ಸಾರದಲ್ಲಿ ದೊಡ್ಡ ಪಾಲು ದಕ್ಷಿಣ ಭಾರತದ್ದು, ಅದರಲ್ಲೂ ತಮಿಳುನಾಡಿನದು. ಆದರೆ ಹೂವು ಬಾಟಲಿಗೆ ಹೋಗುವಾಗ ಏನೋ ಒಂದು ಬಿಟ್ಟುಹೋಗುತ್ತದೆ, ಅಥವಾ ಬೇಕೆಂದೇ ಬಿಡುತ್ತಾರೆ. ನಿಜವಾದ ಮಲ್ಲಿಗೆಯಲ್ಲಿ ಇಂಡೋಲ್ ಅನ್ನುವ ಒಂದು ವಸ್ತು ಇದೆ. ಅದನ್ನು ಒಂಟಿಯಾಗಿ ಮೂಸಿದರೆ ನುಸಿಗುಳಿಗೆ ನೆನಪಾಗುತ್ತದೆ, ಸ್ವಲ್ಪ ಹೇಸಿಗೆಯೂ ಆಗುತ್ತದೆ. ಆದರೆ ಹೂವಿನೊಳಗೆ ಅದೇ ಜೀವ. ಸಂಜೆ ಮುಡಿದ ಮಲ್ಲಿಗೆ ಬೆಳಗ್ಗೆ ದಿಂಬಿನ ಮೇಲೆ ಬಾಡಿ ಬಿದ್ದಿರುತ್ತದಲ್ಲ, ಆಗ ಬರುವ ಭಾರವಾದ, ಒಂಚೂರು ಕೊಳೆತ ಸಿಹಿ ವಾಸನೆ, ಅದರಲ್ಲಿ ಇಂಡೋಲ್‌ನ ಪಾಲು ದೊಡ್ಡದು. ಇಂಥ ಸಿಹಿ ಸೆಂಟ್ ಮಾಡುವವರಿಗೆ ಆ ಕೊಳಕು ಬೇಡ. ತೊಳೆದು ಒರೆಸಿ, ಗಾಳಿಯಾಡುವ ಹಾಗೆ ಮಾಡುತ್ತಾರೆ. ಅದಕ್ಕೆ ಇಂದಿನ ಸೆಂಟ್‌ಗಳಲ್ಲಿ ಹೆಡಿಯೋನ್ ಅನ್ನುವ ಲ್ಯಾಬ್ ಸಾಮಾನು ತುಂಬ ನೆರವಾಗುತ್ತದೆ. 1966ರ ಡಿಯೋರ್ ಓ ಸೊವಾಜ್‌ನಿಂದ ಅದು ಹೆಸರಾಯಿತು. ಫಲ ಏನಪ್ಪಾ ಅಂದರೆ, ಫ್ಲವರ್‌ಬಾಂಬ್‌ನ ಮಲ್ಲಿಗೆ ಚೆಂದ ಇದೆ, ಆದರೆ ಅದು ಫೋಟೋದಲ್ಲಿನ ಮಲ್ಲಿಗೆ.

ಮೊಳ ಹೂವಿನ ಘಮವೇ ಬೇಕು ಅನ್ನಿಸಿದರೆ ಉತ್ತರ ಪ್ರದೇಶದ ಕನೌಜ್‌ನ ಮೊಗ್ರಾ ಅತ್ತರ್ ಒಂದು ಚಿಕ್ಕ ಸೀಸೆ ಕೊಳ್ಳಿ. ಅಲ್ಲಿ ಇನ್ನೂ ತಾಮ್ರದ ಹಂಡೆಯಲ್ಲಿ ಹೂ ಬೇಯಿಸಿ, ಆವಿಯನ್ನು ಎಣ್ಣೆಗೆ ಇಳಿಸುತ್ತಾರೆ. ದುಬೈ ತಮ್ಮನಿಗೂ ಅದಕ್ಕೂ ಸಂಬಂಧವಿಲ್ಲ, ಸುಮ್ನೆ ನೆನಪಾಯಿತು ಹೇಳಿದೆ.

ಈಗ ಮದುವೆಗೆ ಬರೋಣ. ಇಲ್ಲಿ ನನ್ನ ತೀರ್ಪು ಸ್ವಲ್ಪ ಡೋಲಾಯಮಾನ. ಡಿಸೆಂಬರ್ ಅಂದರೆ ತಂಪು, ಬೆಳಗಿನ ಮುಹೂರ್ತವಾದರೆ ಚಳಿಯೇ. ರೇಷ್ಮೆ ಸೀರೆ, ತಲೆ ತುಂಬ ಹೂವು. ಆ ದಿನಕ್ಕೆ ಮಾತ್ರ ಅಂದರೆ ಲಾ ವಿ ಎ ಬೆಲ್ ಗೆಲ್ಲುತ್ತದೆ. ಯಾಕೆ ಗೊತ್ತಾ? ತಲೆಯಲ್ಲಿ ನಿಜವಾದ ಮಲ್ಲಿಗೆ ಇದ್ದಾಗ ಕುತ್ತಿಗೆಯಲ್ಲಿ ಫೋಟೋ ಮಲ್ಲಿಗೆ ಇದ್ದರೆ ಎರಡೂ ಜಗಳ ಆಡುತ್ತವೆ, ಸೋಲುವುದು ಬಾಟಲಿಯದ್ದೇ. ಪಕ್ಕದಲ್ಲಿ ಅಸಲಿ ಇದ್ದಾಗ ನಕಲಿ ಪ್ಲಾಸ್ಟಿಕ್ ಹಾಗೆ ಕಾಣುತ್ತದೆ. ಲಾ ವಿ ಎ ಬೆಲ್ ಹೂವಿನ ಜೊತೆ ಪೈಪೋಟಿಗೆ ಇಳಿಯುವುದಿಲ್ಲ. ಪೌಡರ್ ಹಾಕಿದ ಮುಖ, ಮೇಲೆ ಮಲ್ಲಿಗೆ, ಕೈಯಲ್ಲಿ ಸಿಹಿ ಅನ್ನುವ ಹಾಗೆ ಒಂದರ ಕೆಳಗೆ ಒಂದು ಕೂತುಕೊಳ್ಳುತ್ತವೆ. ಆದರೆ ಮದುವೆ ಒಂದು ದಿನ, ಬ್ಯಾಂಕು ಉಳಿದೆಲ್ಲ ದಿನ. ಹೂ ಮುಡಿದ ದಿನ ಸೆಂಟನ್ನು ಮನೆಯಲ್ಲೇ ಬಿಟ್ಟು ಹೋಗಿ. ನನ್ನ ಅಮ್ಮ ಹಾಗೇ ಮಾಡುತ್ತಿದ್ದರು, ಅವರ ಹತ್ತಿರ ಬರುವ ಘಮವನ್ನು ಯಾವ ಬಾಟಲಿಯೂ ಕೊಟ್ಟಿಲ್ಲ. ಆರತಕ್ಷತೆಗೆ ಹೂ ಇಲ್ಲದೆ ಜಡೆ ಬಿಟ್ಟು ಹೋಗುವುದಾದರೆ ಫ್ಲವರ್‌ಬಾಂಬ್ ಎರಡು ಸಲ ಹಾಕಿ, ಸಾಕು.

ಸೀರೆ ಮೇಲೆ ಮಾತ್ರ ಹೊಡೆಯಬೇಡಿ. ಅಮ್ಮನ ಕಡುಗೆಂಪು ಮೈಸೂರು ಸಿಲ್ಕ್ ಸೆರಗಿನ ಮೇಲೆ ನಾನೇ ಮಾಡಿದ ಕಲೆ ಈಗಲೂ ಇದೆ, ಆಣೆ ಗಾತ್ರದ್ದು. ಸೆಂಟಿನ ಬಹುಪಾಲು ಆಲ್ಕೋಹಾಲ್, ಉಳಿದದ್ದು ಎಣ್ಣೆ. ರೇಷ್ಮೆಗೆ ಎರಡೂ ಆಗುವುದಿಲ್ಲ. ಜರಿ, ಮುತ್ತಿನ ಸರ ಇವಕ್ಕೂ ದೂರ ಇರಲಿ. ಸ್ನಾನ ಆದಮೇಲೆ, ಸೀರೆ ಉಡುವ ಮೊದಲು ಮೈಗೆ ಹಾಕಿ, ಐದು ನಿಮಿಷ ಆರಲು ಬಿಡಿ. ಒಣ ಚರ್ಮವಾದರೆ ಮೊದಲು ವಾಸನೆ ಇಲ್ಲದ ಕ್ರೀಮ್ ಹಚ್ಚಿ, ಸೆಂಟ್ ಹೆಚ್ಚು ಹೊತ್ತು ನಿಲ್ಲುತ್ತದೆ. ತೆಂಗಿನೆಣ್ಣೆ ಬೇಡ, ಅದಕ್ಕೆ ಅದರದ್ದೇ ಘಮ ಇದೆ.

ಆಫೀಸಿಗೆ ಒಂದೇ ಸಲ. ಅದೂ ಕುತ್ತಿಗೆಗಲ್ಲ, ಹೊಟ್ಟೆಯ ಹತ್ತಿರ, ಬಟ್ಟೆಯ ಒಳಗೆ. ನೀವು ಎದ್ದು ಓಡಾಡಿದಾಗ ಮೆಲ್ಲಗೆ ಬರುತ್ತದೆ, ಕೂತಾಗ ಪಕ್ಕದವರ ಮೂಗಿಗೆ ನೇರ ಹೋಗುವುದಿಲ್ಲ. ಮಧ್ಯಾಹ್ನ "ವಾಸನೆಯೇ ಬರ್ತಿಲ್ಲ" ಅಂತ ಮತ್ತೆ ಹಾಕಬೇಡಿ. ಮೂಗು ಒಂದೇ ವಾಸನೆಯನ್ನು ಸ್ವಲ್ಪ ಹೊತ್ತಿಗೆ ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ಊದುಬತ್ತಿ ಕೋಣೆಯಲ್ಲಿ ಹೊಸಬರು ಮೊದಲ ಅರ್ಧ ಗಂಟೆ ಕೆಮ್ಮಿ, ಆಮೇಲೆ "ಇಲ್ಲೇನೂ ವಾಸನೆ ಇಲ್ವಲ್ಲ" ಅನ್ನುತ್ತಿದ್ದರು. ನಿಮಗೆ ಬರದಿದ್ದರೂ ಪಕ್ಕದವರಿಗೆ ಬರುತ್ತಲೇ ಇರುತ್ತದೆ. ಒಂದು ದಿನ ಅವರನ್ನೇ ಕೇಳಿಬಿಡಿ, ತಪ್ಪೇನಿಲ್ಲ. ಅಷ್ಟಕ್ಕೂ ತಲೆನೋವು ಬಂದರೆ ಆಫೀಸಿಗೆ ಯಾವ ಸಿಹಿ ಸೆಂಟೂ ಬೇಡ.

ತಮ್ಮ ಬರಲು ಇನ್ನೂ ಒಂದು ತಿಂಗಳಿದೆ. ಅಷ್ಟರಲ್ಲಿ ನನ್ನ ಮಾತನ್ನೂ ಒರೆಗೆ ಹಚ್ಚಿ. ಕಾಗದದ ಪಟ್ಟಿ ನಿಮಗೆ ಹೇಳಿದ್ದು ಮೊದಲ ಹತ್ತು ನಿಮಿಷದ ಕಥೆ ಮಾತ್ರ. ಇನ್ನೊಮ್ಮೆ ಬೆಂಗಳೂರಿಗೆ ಹೋದಾಗ ಎಡಗೈಗೆ ಒಂದು, ಬಲಗೈಗೆ ಇನ್ನೊಂದು ಹಾಕಿಸಿಕೊಂಡು ತಕ್ಷಣ ಮಾಲ್‌ನಿಂದ ಹೊರಗೆ ಬನ್ನಿ. ಮಣಿಕಟ್ಟು ಉಜ್ಜಬೇಡಿ. ಬಿಸಿಲಲ್ಲಿ ಸುತ್ತಾಡಿ, ಊಟ ಮಾಡಿ. ಮೂರು ಗಂಟೆ ಆದಮೇಲೆ ಮೂಸಿ. ಅಂಗಡಿಯವರು ಮೂಗು ತಿಳಿಯಾಗಲಿ ಅಂತ ಕಾಫಿ ಬೀಜದ ಬಟ್ಟಲು ಮುಂದೆ ಹಿಡಿಯುತ್ತಾರೆ. ಕಾಫಿ ನಾಡಿನವರಾಗಿ ನಮಗೆ ಖುಷಿಯೇ, ಆದರೆ ಅದರಿಂದ ಏನೂ ಆಗುವುದಿಲ್ಲ. ಹೊರಗಿನ ಗಾಳಿ ಕುಡಿದರೆ ಅಷ್ಟೇ ಉಪಯೋಗ. ಎಡಗೈ ಪದೇ ಪದೇ ಮೂಗಿನ ಹತ್ತಿರ ಹೋಗುತ್ತಿದೆಯಾ, ಬಲಗೈಯಾ? ಲಾ ವಿ ಎ ಬೆಲ್ ಇದ್ದ ಕೈಯೇ ಹೋದರೆ ನನ್ನ ಮಾತು ಬಿಟ್ಟು ಅದನ್ನೇ ತರಿಸಿ. ಆದರೆ ಅದನ್ನು ಬೇಸಿಗೆಯಲ್ಲಿ ಮುಟ್ಟುವುದಿಲ್ಲ ಅಂತ ಪಕ್ಕದ ಕೌಂಟರಿನವರಿಗೆ ಮಾತು ಕೊಡಿ.

ಕೊಳ್ಳುವಾಗ ಒಂದೇ ಎಡವಟ್ಟು ಆಗಬಹುದು. ಎರಡು ಹೆಸರಿನಲ್ಲೂ ಮರಿಗಳು ಬೇಕಾದಷ್ಟಿವೆ. ಫ್ಲವರ್‌ಬಾಂಬ್ ನೆಕ್ಟರ್, ಫ್ಲವರ್‌ಬಾಂಬ್ ರೂಬಿ ಆರ್ಕಿಡ್, ಲಾ ವಿ ಎ ಬೆಲ್ ಐರಿಸ್ ಆಬ್ಸಲ್ಯೂ, ಹೀಗೆ. ಹೆಸರು ಒಂದೇ, ಒಳಗಿನ ಸಾಮಾನು ಬೇರೆ. ನೀವು ಮೂಸಿದ್ದು ಮೂಲದ್ದು ಅಂದುಕೊಂಡಿದ್ದೇನೆ. ಗಂಡಸರು ಡ್ಯೂಟಿ ಫ್ರೀ ಅಂಗಡಿಯಲ್ಲಿ ಗುಲಾಬಿ ಡಬ್ಬಿ ಕಂಡ ತಕ್ಷಣ ಎತ್ತಿಕೊಳ್ಳುತ್ತಾರೆ. ಅದಕ್ಕೆ ಮಾಲ್‌ನಲ್ಲೇ ಡಬ್ಬಿಯ ಫೋಟೋ ತೆಗೆದಿಟ್ಟುಕೊಳ್ಳಿ. ವಾಟ್ಸಾಪ್‌ನಲ್ಲಿ ಆ ಫೋಟೋ ಹಾಕಿ, ಕೆಳಗೆ ಬರೆಯಿರಿ: "ಇದೇ. ಓ ದ ಪರ್ಫಂ ಅಂತ ಇರಬೇಕು, ಹೆಸರಿನ ಮುಂದೆ ಬೇರೆ ಏನೂ ಇರಬಾರದು. 50 ಎಂಎಲ್. ಸೀಲ್ ಮಾಡಿದ ಕವರ್ ಮನೆಗೆ ಬರೋವರೆಗೂ ಒಡೀಬೇಡ." ಬಂದ ಮೇಲೆ ಬಚ್ಚಲಮನೆಯ ಶೆಲ್ಫಿನಲ್ಲಿ ಇಡಬೇಡಿ, ಕಿಟಕಿ ಪಕ್ಕವೂ ಬೇಡ. ಡಬ್ಬಿ ಸಮೇತ ಬೀರುವಿನ ಕೆಳಗಿನ ಅರೆಯಲ್ಲಿ, ಸೀರೆಗಳಿಂದ ದೂರ.